ಸ್ಕ್ಯಾನಿಗೆ ಮುಂಚೆ ಯಾದಿ: ಕಲಾ ಸಂಘದ ಹಳೆಯ ದಫ್ತರವನ್ನು ಏನು ಮಾಡಬೇಕು?

ಪ್ರಶ್ನೆ: ಗದಗಿನಲ್ಲಿ ನಾಟಕ ಮತ್ತು ಹಿಂದೂಸ್ತಾನಿ ಸಂಗೀತ ಎರಡನ್ನೂ ನಡೆಸಿಕೊಂಡು ಬಂದಿರುವ ಹಳೆಯ ಸಂಘವೊಂದರ ಕಾರ್ಯದರ್ಶಿ ನಾನು. ಕಟ್ಟಡದ ದುರಸ್ತಿಗಾಗಿ ಅಟ್ಟವನ್ನು ತೆರವು ಮಾಡಬೇಕಾಗಿದೆ. ಅಲ್ಲಿನ ಟ್ರಂಕುಗಳಲ್ಲಿ ನಾಟಕದ ಹಸ್ತಪ್ರತಿಗಳು, ಹ್ಯಾಂಡ್‌ಬಿಲ್ಲುಗಳು, ಲೆಕ್ಕದ ಪುಸ್ತಕಗಳು, ಫೋಟೊಗಳು, ಕ್ಯಾಸೆಟ್ಟು ಮತ್ತು ಸ್ಪೂಲ್ ಟೇಪುಗಳು ಇವೆ. ಮುಖ್ಯವಾದವನ್ನು ಸ್ಕ್ಯಾನ್ ಮಾಡಿಸಿ ಉಳಿದದ್ದನ್ನು ರದ್ದಿಗೆ ಹಾಕೋಣವೆಂದು ಸಮಿತಿಯವರು ಹೇಳುತ್ತಾರೆ. ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬಹುದು? ಟೇಪುಗಳನ್ನು ಯೂಟ್ಯೂಬಿಗೆ ಹಾಕಬಹುದೇ?

ಉತ್ತರ: ರದ್ದಿಯ ಮಾತನ್ನು ದುರಸ್ತಿ ಮುಗಿಯುವವರೆಗಾದರೂ ಮುಂದೂಡುವಂತೆ ಸಮಿತಿಯನ್ನು ಮೊದಲು ಒಪ್ಪಿಸಿರಿ. ಅಟ್ಟ ತೆರವು ಮಾಡುವುದು ಬೇರೆ, ದಫ್ತರ ವಿಲೇವಾರಿ ಮಾಡುವುದು ಬೇರೆ. ಮೊದಲನೆಯದಕ್ಕೆ ಒಂದು ಒಣ ಕೋಣೆ, ನಾಲ್ಕು ಜನರ ಕೈ ಸಾಕು. ಎರಡನೆಯದಕ್ಕೆ ಏನೇನಿದೆ ಎಂಬ ತಿಳಿವಳಿಕೆ ಬೇಕು, ಅದು ಸದ್ಯಕ್ಕೆ ಸಂಘದಲ್ಲಿ ಯಾರಿಗೂ ಇದ್ದಂತಿಲ್ಲ. ಅವಸರದಲ್ಲಿ ಆರಿಸಹೊರಟಾಗ ಮುಖ್ಯವೆಂದು ಕೈಗೆ ಬರುವುದು ಸಾಮಾನ್ಯವಾಗಿ ಸನ್ಮಾನದ ಫೋಟೊ, ಮಂತ್ರಿಗಳ ಶುಭಾಶಯ ಪತ್ರ, ಬೆಳ್ಳಿಹಬ್ಬದ ಸ್ಮರಣ ಸಂಚಿಕೆ. ರದ್ದಿಗೆ ಹೋಗುವುದು ಕೀರ್ದಿ (ದಿನದ ಜಮಾಖರ್ಚಿನ ಪುಸ್ತಕ), ಬಟವಡೆ ಪುಸ್ತಕ (ಸಂಬಳ ಕೊಟ್ಟ ಲೆಕ್ಕ), ಹರಿದುಳಿದ ಟಿಕೀಟು ಪುಸ್ತಕಗಳು, ಅಂಚು ಮುರಿದ ನಾಟಕದ ಪ್ರತಿ. ರಂಗದ ಮೇಲೆ ನಡೆದು ಮುಗಿಯುವ ಕಲೆಯ ಮಟ್ಟಿಗೆ ಈ ಆಯ್ಕೆ ತಲೆಕೆಳಗಾದದ್ದು ಎಂಬುದು ನನ್ನ ಅಭಿಪ್ರಾಯ. ಸನ್ಮಾನದ ಫೋಟೊದಲ್ಲಿ ಹಾರ ಹಾಕಿದವರು ಮತ್ತು ಹಾಕಿಸಿಕೊಂಡವರು ಕಾಣುತ್ತಾರೆಯೇ ಹೊರತು ನಾಟಕ ಕಾಣುವುದಿಲ್ಲ.

ಗದಗಿನಂಥ ಊರಿನಲ್ಲಿ ಈ ಮಾತಿಗೆ ಹೆಚ್ಚಿನ ತೂಕವಿದೆ. ಶಾಂತಕವಿಗಳೆಂದು ಹೆಸರಾದ ಸಕ್ಕರಿ ಬಾಳಾಚಾರ್ಯರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದರು. ಮುಂದೆ ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ ಊರೂರು ತಿರುಗಿತು. ಪಂಚಾಕ್ಷರಿ ಗವಾಯಿಗಳು ಗುರುಕುಲದ ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿದರು. ಇಂಥ ಪರಂಪರೆಯ ನಾಟಕಗಳಲ್ಲಿ ಕೆಲವು ಅಚ್ಚಾಗಿವೆ, ಕೆಲವು ಹಾಡುಗಳು ಬಾಯಿಂದ ಬಾಯಿಗೆ ಬಂದಿವೆ. ಆದರೆ ಯಾವ ಕ್ಯಾಂಪಿನಲ್ಲಿ ಎಷ್ಟು ಆಟಗಳಾದವು, ಯಾವ ರಾತ್ರಿ ಗೇಟ್ ಕಲೆಕ್ಷನ್ ಕುಸಿಯಿತು, ಹಾರ್ಮೋನಿಯಂ ಮಾಸ್ತರರಿಗೆ ಏನು ಸಂದಿತು, ಸೀನರಿ ಯಾರಿಂದ ಬರೆಸಿದರು ಎಂಬುದನ್ನು ತಿಳಿಯಲು ತಮ್ಮ ಅಟ್ಟದಲ್ಲಿರುವಂಥ ಟ್ರಂಕುಗಳ ಹೊರತು ಬೇರೆ ಆಧಾರ ಸಿಗುವುದು ಕಷ್ಟ.

ಬಟವಡೆ ಪುಸ್ತಕವನ್ನೇ ತೆಗೆದುಕೊಳ್ಳಿರಿ. ಹ್ಯಾಂಡ್‌ಬಿಲ್ಲಿನಲ್ಲಿ ನಾಯಕ, ನಾಯಕಿ, ಹಾಸ್ಯನಟರ ಹೆಸರುಗಳು ದಪ್ಪಕ್ಷರದಲ್ಲಿ ಇರುತ್ತವೆ. ಪರದೆ ಎಳೆಯುವವ, ದೀಪದವ, ಅಡಿಗೆಯವ, ಸಣ್ಣ ಪಾರ್ಟು ಮಾಡುವ ಹುಡುಗ ಇವರೆಲ್ಲ ಬಟವಡೆಯ ಸಾಲುಗಳಲ್ಲಿ ಮಾತ್ರ ಸಿಗುತ್ತಾರೆ, ಎದುರಿಗೆ ಸಹಿಯೋ ಹೆಬ್ಬೆಟ್ಟೋ ಇರುತ್ತದೆ. ಇದು ಇತಿಹಾಸಕಾರರ ಕುತೂಹಲಕ್ಕಷ್ಟೇ ಸೀಮಿತವಾದದ್ದಲ್ಲ. ಸಂಕಷ್ಟದಲ್ಲಿರುವ ಹಿರಿಯ ಕಲಾವಿದರು ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಮಾಸಾಶನಕ್ಕೆ ಅರ್ಜಿ ಹಾಕುವಾಗ ತಮ್ಮ ಕಲಾಸೇವೆಯನ್ನು ದಾಖಲೆಯಿಂದ ತೋರಿಸಬೇಕಾಗುತ್ತದೆ. ಸಂಘದ ಪುಸ್ತಕದಲ್ಲಿ ಹೆಸರಿದ್ದರೆ ಅದರ ದೃಢೀಕೃತ ನಕಲು ಕೊಡಬಹುದು. ಪುಸ್ತಕ ರದ್ದಿಗೆ ಹೋಗಿದ್ದರೆ ಆ ಮನುಷ್ಯ ನಾಟಕ ಮಾಡಿದ್ದಕ್ಕೆ ಊರಿನ ನೆನಪೊಂದೇ ಸಾಕ್ಷಿ, ಕಚೇರಿಗೆ ಅದು ಸಾಲದು.

ನಾಟಕದ ಪ್ರತಿಗಳ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಸಾಮಾನ್ಯವಾಗಿದೆ. ಮುದ್ರಿತ ಪುಸ್ತಕ ಸಿಗುತ್ತದೆ, ಮೇಲಾಗಿ ಅದೇ ನಾಟಕದ ಮೂರು ಪ್ರತಿಗಳಿವೆ, ಒಂದು ಇಟ್ಟುಕೊಂಡರೆ ಸಾಲದೇ ಎಂದು ಕೇಳುವವರಿದ್ದಾರೆ. ಪ್ರಾಂಪ್ಟರನ, ಅಂದರೆ ಪರದೆಯ ಮರೆಯಿಂದ ನಟರಿಗೆ ಮಾತು ನೆನಪಿಸುವವನ, ಪ್ರತಿಯ ಒಂದು ಪುಟವನ್ನು ಬೆಳಕಿಗೆ ಹಿಡಿದು ನೋಡಿರಿ. ಮೂಲ ಮಾತಿನ ಮೇಲೆ ಕೆಂಪು ಪೆನ್ಸಿಲ್ಲಿನ ಗೀಟು ಇರುತ್ತದೆ. ಬದಿಯಲ್ಲಿ ಬೇರೊಬ್ಬರ ಕೈಬರಹದಲ್ಲಿ ಹೊಸ ಮಾತು, ಹಾಡಿನ ತಲೆಗೆ ರಾಗದ ಹೆಸರೋ ಯಾವುದೋ ಮರಾಠಿ ನಾಟ್ಯಗೀತೆಯ ಧಾಟಿಯ ಸೂಚನೆಯೋ ಇರುತ್ತದೆ. ಪಾತ್ರದ ಹೆಸರಿನ ಪಕ್ಕದಲ್ಲಿ ಒಬ್ಬ ನಟನ ಹೆಸರು ಬರೆದು, ಹೊಡೆದು, ಇನ್ನೊಬ್ಬನ ಹೆಸರು ಬರೆದಿರುತ್ತಾರೆ. ಕಂಪನಿ ನಾಟಕದ ಹಾಸ್ಯ ಪ್ರಸಂಗಗಳಂತೂ ರಂಗದ ಮೇಲೆಯೇ ಬೆಳೆದವು. ಅವುಗಳಲ್ಲಿ ಬಹಳಷ್ಟು ಅಚ್ಚಿನ ಮನೆಗೆ ಹೋಗಲೇ ಇಲ್ಲ. ಆದ್ದರಿಂದ ಒಂದೇ ನಾಟಕದ ಮೂರು ಕೈಬರಹದ ಪ್ರತಿಗಳೆಂದರೆ ಮೂರು ಕಾಲದ ಮೂರು ಪ್ರಯೋಗಗಳೆಂದು ತಿಳಿಯಬೇಕು. ಬಿಡಿ ಪಾತ್ರದ ಮಾತುಗಳನ್ನಷ್ಟೇ ಬರೆದುಕೊಂಡ ಹಾಳೆಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಇನ್ನು ಟ್ರಂಕು ತೆರೆಯುವ ಬಗೆ. ಉತ್ಸಾಹಿಗಳು ಮಾಡುವ ಮೊದಲ ಕೆಲಸವೆಂದರೆ ಎಲ್ಲವನ್ನೂ ಜಮಖಾನೆಯ ಮೇಲೆ ಸುರಿದು, ಫೋಟೊ ಒಂದು ಕಡೆ, ಪತ್ರ ಒಂದು ಕಡೆ, ಹ್ಯಾಂಡ್‌ಬಿಲ್ಲು ಒಂದು ಕಡೆ ಎಂದು ಬೇರ್ಪಡಿಸುವುದು. ದಯವಿಟ್ಟು ಹಾಗೆ ಮಾಡಬೇಡಿರಿ. ಹಿಂದಿನ ಕಾರ್ಯದರ್ಶಿಗಳು ಒಂದು ನಾಟಕದ ಹ್ಯಾಂಡ್‌ಬಿಲ್ಲು, ಅದರ ಪರವಾನಗಿ ಪತ್ರ, ಖರ್ಚಿನ ಚೀಟಿಗಳು ಮತ್ತು ಎರಡು ಫೋಟೊಗಳನ್ನು ಒಂದೇ ದಾರದಲ್ಲಿ ಕಟ್ಟಿಟ್ಟಿದ್ದರೆ, ಫೋಟೊದಲ್ಲಿರುವುದು ಯಾವ ನಾಟಕವೆಂಬುದನ್ನು ಆ ದಾರವೇ ಹೇಳುತ್ತದೆ. ದಾರ ಬಿಚ್ಚಿ ಹಂಚಿದ ಮರುಗಳಿಗೆ ಅದು ಹೆಸರಿಲ್ಲದ ಫೋಟೊ ಆಗುತ್ತದೆ. ಪತ್ರಾಗಾರದವರು ಮೂಲ ಕ್ರಮವನ್ನು ಕೆಡಿಸಬಾರದೆಂದು ಪಟ್ಟು ಹಿಡಿಯುವುದು ಇದೇ ಕಾರಣಕ್ಕೆ. ಟ್ರಂಕಿಗೊಂದು ಸಂಖ್ಯೆ, ಕಟ್ಟಿಗೊಂದು ಸಂಖ್ಯೆ ಕೊಟ್ಟು, ಮೇಲಿನಿಂದ ಒಂದೊಂದು ಪದರ ಎತ್ತುವ ಮುನ್ನ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಅದೇ ಅನುಕ್ರಮದಲ್ಲಿ ಹೊರಗಿಡಿರಿ.

ಆಮೇಲೆ ಯಾದಿ. ಒಂದು ದೊಡ್ಡ ರಿಜಿಸ್ಟರಿನಲ್ಲಿಯೋ ಕಂಪ್ಯೂಟರಿನ ಎಕ್ಸೆಲ್ ಹಾಳೆಯಲ್ಲಿಯೋ ಟ್ರಂಕಿನ ಸಂಖ್ಯೆ, ಕಟ್ಟಿನ ಸಂಖ್ಯೆ, ಒಳಗೇನಿದೆ ಎಂಬುದು ಒಂದು ಸಾಲಿನಲ್ಲಿ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಸ್ಥಿತಿಯಲ್ಲಿದೆ, ಇಷ್ಟನ್ನು ಬರೆದರೆ ಸಾಕು. ಒಂದು ಕಟ್ಟಿಗೆ ಒಂದೇ ಸಾಲು. ಪ್ರತಿ ಹಾಳೆಯನ್ನೂ ನಮೂದಿಸುತ್ತೇನೆಂದು ಹೊರಟವರು ಮೊದಲನೆಯ ಟ್ರಂಕಿನಲ್ಲಿಯೇ ದಣಿದು ನಿಲ್ಲುತ್ತಾರೆ, ಮುಂದಿನ ಸಮಿತಿಗೆ ಎಲ್ಲಿ ನಿಂತಿದ್ದಾರೆಂಬುದೂ ತಿಳಿಯುವುದಿಲ್ಲ. ಕಾಗದದ ಮೇಲೆ ಸಂಖ್ಯೆ ಹಾಕುವುದಿದ್ದರೆ ಮೆತ್ತನೆಯ ಪೆನ್ಸಿಲ್ಲಿನಿಂದ ಹಿಂಬದಿಯ ಮೂಲೆಯಲ್ಲಿ ಹಾಕಬೇಕು. ಬಾಲ್ ಪೆನ್ನು, ಸ್ಕೆಚ್ ಪೆನ್ನು, ಸಂಘದ ರಬ್ಬರ್ ಮೊಹರು ಯಾವುದೂ ಬೇಡ. ಈ ಯಾದಿ ಕೈಯಲ್ಲಿಲ್ಲದೆ ಸ್ಕ್ಯಾನ್ ಮಾಡಿಸಿದರೆ ಸಾವಿರಾರು ಚಿತ್ರಗಳ ಒಂದು ಹಾರ್ಡ್ ಡಿಸ್ಕ್ ಸಿಗುತ್ತದೆ, ಅದರಲ್ಲಿ ಏನನ್ನೂ ಹುಡುಕಲಾಗುವುದಿಲ್ಲ.

ಯಾದಿ ಮಾಡುವಾಗ ತೊಡಕುಂಟುಮಾಡುವುದು ಹ್ಯಾಂಡ್‌ಬಿಲ್ಲುಗಳು. ತೆಳ್ಳಗಿನ ಬಣ್ಣದ ಕಾಗದದ ಮೇಲೆ ವಾರ, ತಾರೀಖು, ರಾತ್ರಿ ಎಷ್ಟು ಗಂಟೆಗೆ ಎಂಬುದೆಲ್ಲ ಇರುತ್ತದೆ, ವರ್ಷ ಮಾತ್ರ ಇರುವುದಿಲ್ಲ. ಅಂದಿನ ಪ್ರೇಕ್ಷಕನಿಗೆ ವರ್ಷ ಬೇಕಾಗಿರಲಿಲ್ಲ. ಆದರೂ ಕಾಲವನ್ನು ಬಹುಮಟ್ಟಿಗೆ ನಿರ್ಧರಿಸಲು ಸಾಧ್ಯವಿದೆ. ಮೊದಲು ಟಿಕೀಟಿನ ದರ ನೋಡಬೇಕು. ದಶಮಾಂಶ ನಾಣ್ಯ ಪದ್ಧತಿ ಬಂದದ್ದು 1957ರ ಏಪ್ರಿಲ್ 1ರಂದು. ‘ನಯೇ ಪೈಸೆ’ ಎಂದಿದ್ದರೆ ಅದು 1957ರಿಂದ 1964ರ ನಡುವಿನದಾಗಿರುವ ಸಂಭವ ಹೆಚ್ಚು, ಏಕೆಂದರೆ 1964ರ ಜೂನಿನಲ್ಲಿ ‘ನಯೇ’ ಬಿದ್ದುಹೋಯಿತು. ಆಣೆಯ ಲೆಕ್ಕವನ್ನು ಮಾತ್ರ ಪೂರ್ತಿ ನಂಬಬಾರದು, ನಮ್ಮ ಜನ ಇಪ್ಪತ್ತೈದು ಪೈಸೆಗೆ ನಾಲ್ಕಾಣೆ ಎನ್ನುವುದನ್ನು ಬಹಳ ಕಾಲ ಬಿಡಲಿಲ್ಲ. ವಿಳಾಸದಲ್ಲಿ 582101 ಎಂಬ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. ‘ಮೈಸೂರು ರಾಜ್ಯ’ ಎಂದಿದ್ದರೆ ಬಹುತೇಕ 1956ರ ನವೆಂಬರಿನಿಂದ 1973ರ ನವೆಂಬರಿನ ವರೆಗಿನದು, ಏಕೆಂದರೆ ಅದಕ್ಕೂ ಮೊದಲು ನಾವು ಮುಂಬಯಿ ರಾಜ್ಯಕ್ಕೆ ಸೇರಿದ್ದೆವು. ‘ಜಿಲ್ಲಾ ಧಾರವಾಡ’ ಎಂದು ಗದಗಿನ ಅಥವಾ ಹಾವೇರಿಯ ವಿಳಾಸ ಇದ್ದರೆ 1997ರಲ್ಲಿ ಹೊಸ ಜಿಲ್ಲೆಗಳಾಗುವುದಕ್ಕಿಂತ ಹಿಂದಿನದು. ಕೆಳಗಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿರುವ ಮುದ್ರಣಾಲಯದ ಹೆಸರು, ಫೋನ್ ನಂಬರಿನ ಅಂಕಿಗಳ ಸಂಖ್ಯೆ ಇವೂ ಸಹಾಯಕ್ಕೆ ಬರುತ್ತವೆ. ಬನಶಂಕರಿ ಜಾತ್ರೆಯ ಕ್ಯಾಂಪಿನ ಹ್ಯಾಂಡ್‌ಬಿಲ್ಲಾಗಿದ್ದರೆ ಕೆಲಸ ಇನ್ನೂ ಸುಲಭ. ಬನದ ಹುಣ್ಣಿಮೆ, ವಾರ, ತಾರೀಖು ಮೂರೂ ಕೂಡಿ ಬರುವ ವರ್ಷವನ್ನು ಹಳೆಯ ಪಂಚಾಂಗಗಳಲ್ಲಿ ಹುಡುಕಿದರೆ ಒಂದೆರಡು ವರ್ಷಗಳಷ್ಟೇ ಉಳಿಯುತ್ತವೆ. ಹೀಗೆ ಊಹಿಸಿದ ವರ್ಷವನ್ನು ಯಾದಿಯಲ್ಲಿ ಕಂಸದೊಳಗೆ ಬರೆದು, ಯಾವ ಆಧಾರದ ಮೇಲೆ ಊಹಿಸಿದಿರೆಂಬುದನ್ನೂ ಬರೆಯಬೇಕು.

ಕಾಗದವನ್ನು ಇಡುವ ಬಗೆ ಸರಳವಾದದ್ದು. ತುಕ್ಕು ಹಿಡಿದ ಟಾಚಣಿ, ಸ್ಟೇಪಲ್ ಪಿನ್ನು, ರಬ್ಬರ್ ಬ್ಯಾಂಡು ತೆಗೆದು, ಮೆತ್ತನೆಯ ಬ್ರಶ್ಶಿನಿಂದ ಧೂಳು ಕೊಡವಿ, ಒಗೆದು ಒಣಗಿಸಿದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಬ್ಬಿಣದ ಕಪಾಟಿನಲ್ಲಿ ನೆಲದಿಂದ ಎತ್ತರಕ್ಕೆ ಇಡಿರಿ. ಸೆಲೊಟೇಪ್ ಹಚ್ಚುವುದು, ಲ್ಯಾಮಿನೇಶನ್ ಮಾಡಿಸುವುದು ಇವೆರಡನ್ನೂ ಸಮಿತಿಯ ಠರಾವಿನ ಮೂಲಕವೇ ನಿಷೇಧಿಸಿದರೆ ಒಳ್ಳೆಯದು. ಲ್ಯಾಮಿನೇಶನ್ ಒಳಗಿನ ಕಾಗದವನ್ನು ಮುಂದೆ ಯಾರೂ ಹಾನಿಯಿಲ್ಲದೆ ಹೊರತೆಗೆಯಲಾರರು. ಧಾರವಾಡದವರಿಗೆ ಮಳೆಗಾಲದ ತೇವ ಮತ್ತು ಬೂಷ್ಟಿನ ಚಿಂತೆ ಹೆಚ್ಚು. ಗದಗಿನಲ್ಲಿ ತಗಡಿನ ಕೆಳಗಿನ ಬೇಸಿಗೆಯ ಕಾವು ಮತ್ತು ಎರೆಮಣ್ಣಿನ ಧೂಳು ವೈರಿಗಳು. ಆದ್ದರಿಂದ ದುರಸ್ತಿಯ ನಂತರ ಟ್ರಂಕುಗಳು ಮತ್ತೆ ಅಟ್ಟಕ್ಕೆ ಏರಬಾರದು. ನೆಗೆಟಿವ್‌ಗಳಿಂದ ವಿನೆಗರ್ ವಾಸನೆ ಬರುತ್ತಿದ್ದರೆ ಅವನ್ನು ಕೂಡಲೇ ಬೇರೆ ಡಬ್ಬಿಗೆ ಹಾಕಿರಿ, ಆ ಆಮ್ಲ ಪಕ್ಕದ ಫಿಲ್ಮುಗಳನ್ನೂ ಕೆಡಿಸುತ್ತದೆ.

ಡಿಜಿಟಲ್ ನಕಲು ಮಾಡಿಸುವುದರಲ್ಲಿ ಅವಸರ ಮಾಡಲೇಬೇಕಾದ ವಸ್ತುವೊಂದಿದ್ದರೆ ಅದು ಟೇಪು. ಕಾಗದ ಕಾಯುತ್ತದೆ, ಟೇಪು ಕಾಯುವುದಿಲ್ಲ. ಅದನ್ನು ನುಡಿಸುವ ಯಂತ್ರಗಳು ಮತ್ತು ಆ ಯಂತ್ರಗಳನ್ನು ರಿಪೇರಿ ಮಾಡಬಲ್ಲ ಕೈಗಳು ಟೇಪಿಗಿಂತ ಮೊದಲೇ ಇಲ್ಲವಾಗುತ್ತಿವೆ. ಕ್ಯಾಸೆಟ್ಟು ಸಿಕ್ಕ ಕೂಡಲೇ ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ತುಂಡುಗಳನ್ನು ಮುರಿದುಬಿಡಿ, ಮೇಲೆ ಬೇರೇನೂ ಅಚಾತುರ್ಯದಿಂದ ರೆಕಾರ್ಡ್ ಆಗುವುದಿಲ್ಲ. ಬಿಳಿಯ ಬೂಷ್ಟು ಕಂಡರೆ, ಅಥವಾ ನುಡಿಸಿದಾಗ ಕಿರುಗುಟ್ಟಿ ಹೆಡ್ಡಿಗೆ ಅಂಟುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ ತಜ್ಞರಿಗೆ ಒಪ್ಪಿಸಬೇಕು, ಹಟ ಮಾಡಿ ನುಡಿಸಿದರೆ ಧ್ವನಿ ಕೂಡಿಸಿದ ಲೇಪನವೇ ಕಿತ್ತು ಬರುತ್ತದೆ. ಡಿಜಿಟಲ್ ನಕಲನ್ನು ವೇವ್ ರೂಪದಲ್ಲಿ, 96 ಕಿಲೋಹರ್ಟ್ಸ್, 24 ಬಿಟ್ ಗುಣಮಟ್ಟದಲ್ಲಿ ಮಾಡಿಸಿರಿ. ಒಂದು ಗಂಟೆಯ ಸ್ಟೀರಿಯೊ ಧ್ವನಿಗೆ ಸುಮಾರು 2 ಜಿಬಿ ಜಾಗ ಬೇಕಾಗುತ್ತದೆ, ಇಂದಿನ ದಿನಮಾನಕ್ಕೆ ಅದು ಭಾರವಲ್ಲ. ಎಂಪಿ3 ಪ್ರತಿ ಕೇಳುವುದಕ್ಕೆ ಮಾತ್ರ. ಗೊರಗೊರ ಸದ್ದು ತೆಗೆದು ‘ಸ್ವಚ್ಛ’ ಮಾಡಿಕೊಡುತ್ತೇವೆ ಎನ್ನುವವರಿಗೆ ಮೂಲ ನಕಲನ್ನು ಮುಟ್ಟಲು ಕೊಡಬೇಡಿರಿ. ಆ ಶುದ್ಧೀಕರಣದಲ್ಲಿ ತಂಬೂರಿಯ ಝೇಂಕಾರವೂ ಕೊಚ್ಚಿಹೋದ ಧ್ವನಿಮುದ್ರಿಕೆಗಳು ಬೇಕಾದಷ್ಟಿವೆ.

ಹಿಂದೂಸ್ತಾನಿ ಗಾಯನದ ಟೇಪಿನಲ್ಲಿ ವೇಗದ ಪ್ರಶ್ನೆಯೂ ಏಳುತ್ತದೆ. ಮನೆಬಳಕೆಯ ಸ್ಪೂಲ್ ಯಂತ್ರಗಳಲ್ಲಿ ಸೆಕೆಂಡಿಗೆ 3¾ ಇಂಚು ಮತ್ತು 7½ ಇಂಚಿನ ವೇಗಗಳು ಸಾಮಾನ್ಯ. ಅವು ತಪ್ಪಿದರೆ ಒಂದು ಸಪ್ತಕವೇ ಹೆಚ್ಚುಕಡಿಮೆಯಾಗುವುದರಿಂದ ಯಾರಿಗಾದರೂ ಗೊತ್ತಾಗುತ್ತದೆ. ಗೊತ್ತಾಗದಿರುವುದು ಸಣ್ಣ ವ್ಯತ್ಯಾಸ. ಸೆಲ್ಲಿನ ಶಕ್ತಿ ಕುಂದಿದ ಟೇಪ್ ರೆಕಾರ್ಡರಿನಲ್ಲಿ ಬೈಠಕ್ (ಚಿಕ್ಕ ಸಂಗೀತ ಕೂಟ) ಮುದ್ರಿಸಿದ್ದರೆ ಟೇಪು ನಿಧಾನವಾಗಿ ಓಡಿರುತ್ತದೆ, ಈಗ ಸರಿಯಾದ ವೇಗದಲ್ಲಿ ನುಡಿಸಿದಾಗ ಹಾರ್ಮೋನಿಯಂನ ಕರಿ ಒಂದರ ಶ್ರುತಿಯಲ್ಲಿ ಹಾಡಿದವರು ಅದಕ್ಕಿಂತ ಒಂದು ಮನೆ ಮೇಲಿನ ಬಿಳಿ ಎರಡರಲ್ಲಿ ಹಾಡಿದಂತೆ ಕೇಳುತ್ತದೆ. ಅಂದು ಸಾಥಿಗೆ (ಪಕ್ಕವಾದ್ಯಕ್ಕೆ) ಬಳಸಿದ ಸಂಘದ ಹಾರ್ಮೋನಿಯಂ ಇಂದಿಗೂ ಇದ್ದರೆ, ಅದರ ಸ್ವರಕ್ಕೆ ಹೋಲಿಸಿ ವ್ಯತ್ಯಾಸ ಕಂಡುಕೊಳ್ಳಬಹುದು. ತಿದ್ದುಪಡಿಯನ್ನು ಎರಡನೆಯ ಪ್ರತಿಯಲ್ಲಿ ಮಾಡಬೇಕು. ರಾಗ, ತಾಳ, ಚೀಜಿನ (ಹಾಡಿದ ರಚನೆಯ) ಮೊದಲ ಸಾಲು, ತಬಲಾ ಮತ್ತು ಹಾರ್ಮೋನಿಯಂ ಸಾಥಿ ಯಾರದು ಎಂಬುದನ್ನು ಹಿರಿಯ ಶಿಷ್ಯರನ್ನು ಕೂಡಿಸಿಕೊಂಡು ಕೇಳಿಸಿ ಬರೆದುಕೊಳ್ಳಿರಿ; ಆ ಹಿರಿಯರು ಇರುವಾಗಲೇ ಆಗಬೇಕಾದ ಕೆಲಸ ಇದು. ಆದರೆ ಕವರಿನ ಮೇಲೆ ಮೊದಲೇ ಬರೆದಿದ್ದ ವಿವರವನ್ನೂ ಈಗ ಕೇಳಿ ಗುರುತಿಸಿದ ವಿವರವನ್ನೂ ಬೆರೆಸದೆ, ಗುರುತಿಸಿದವರು ಯಾರೆಂಬುದನ್ನೂ ನಮೂದಿಸಬೇಕು.

ಕಾಗದದ ಸ್ಕ್ಯಾನಿಂಗಿಗೆ 400 ಡಿಪಿಐ, ಸಣ್ಣ ಫೋಟೊಗಳಿಗೆ 600 ಡಿಪಿಐ, ಬಣ್ಣದಲ್ಲಿಯೇ, ಟಿಫ್ ರೂಪದಲ್ಲಿ, ಹಿಂಬದಿಯನ್ನೂ ಬಿಡಬಾರದು. ಮೂರು ಪ್ರತಿಗಳಿರಲಿ, ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿ. ಕಂಪ್ಯೂಟರಿನಲ್ಲಿಯೇ ಹುಟ್ಟಿದ ಕಡತಗಳನ್ನು ಮರೆಯುವವರೇ ಹೆಚ್ಚು. ಕಳೆದ ಮೂರು ದಶಕಗಳ ನಾಟಕದ ಪ್ರತಿಗಳು, ಆಮಂತ್ರಣ ಪತ್ರಿಕೆಗಳು ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ, ಪೇಜ್‌ಮೇಕರಿನಲ್ಲಿ ಇರುತ್ತವೆ. ಆ ಫಾಂಟು ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೆರೆದುಕೊಳ್ಳುತ್ತವೆ. ಡಿಟಿಪಿ ಮಾಡಿದವರ ಬಳಿ ಹಳೆಯ ಗಣಕ ಇರುವಾಗಲೇ ಪಿಡಿಎಫ್ ತೆಗೆಸಿಕೊಂಡು, ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ಸರಿಪಡಿಸಿರಿ.

ಏನನ್ನೂ ಬಿಸಾಡಬಾರದೆಂದು ನಾನು ಹೇಳುತ್ತಿಲ್ಲ. ನೋಂದಣಿ ಪ್ರಮಾಣಪತ್ರ, ನಿಯಮಾವಳಿ, ನಡಾವಳಿ ಪುಸ್ತಕ, ಆಸ್ತಿಯ ಕಾಗದ, ಲೆಕ್ಕಪರಿಶೋಧನೆಯಾದ ವಾರ್ಷಿಕ ತಃಖ್ತೆ (ಲೆಕ್ಕದ ಪಟ್ಟಿ) ಇವು ಶಾಶ್ವತ. ಅನುದಾನದ ಮಂಜೂರಾತಿ ಮತ್ತು ಹಣ ಬಳಕೆ ಪ್ರಮಾಣಪತ್ರಗಳನ್ನೂ ನಾನು ಅದೇ ಸಾಲಿಗೆ ಸೇರಿಸುತ್ತೇನೆ. ಸ್ಮರಣ ಸಂಚಿಕೆಯ ನೂರು ಪ್ರತಿಗಳಲ್ಲಿ ಐದು ಉಳಿಸಿ ಉಳಿದವನ್ನು ಗ್ರಂಥಾಲಯಗಳಿಗೆ ಕೊಡಬಹುದು. ಇತ್ತೀಚಿನ ವಿದ್ಯುತ್ ಬಿಲ್ಲು, ಬ್ಯಾಂಕ್ ಚಲನ್ನು, ಚಹಾ ಖರ್ಚಿನ ವೋಚರು ಇವುಗಳಿಗೆ ಅವಧಿ ಗೊತ್ತುಮಾಡಿ ಠರಾವು ಮಾಡಿರಿ. ಆದಾಯ ತೆರಿಗೆ ವಿನಾಯಿತಿ ಪಡೆದ ಸಂಸ್ಥೆಗಳು ಲೆಕ್ಕದ ಪುಸ್ತಕ ಮತ್ತು ದಾಖಲೆಗಳನ್ನು 10 ವರ್ಷ ಇಡಬೇಕೆಂಬ ನಿಯಮ 2022ರಲ್ಲಿ ಬಂದಿರುವುದರಿಂದ ತಮ್ಮ ಲೆಕ್ಕಪರಿಶೋಧಕರನ್ನು ಕೇಳಿಯೇ ಅವಧಿ ನಿಶ್ಚಯಿಸಬೇಕು. ಸುಮಾರು ಐವತ್ತು ವರ್ಷಕ್ಕಿಂತ ಹಳೆಯದಾದ ಲೆಕ್ಕ ಮಾತ್ರ, ಅದು ಚಹಾದ ಚೀಟಿಯೇ ಆಗಿದ್ದರೂ, ಇರಲಿ. ಇದರಲ್ಲಿ ನನ್ನದು ಸ್ವಲ್ಪ ಹಟವೇ ಸರಿ.

ಯೂಟ್ಯೂಬಿನ ಪ್ರಶ್ನೆಗೆ ಉತ್ತರ: ಟೇಪು ತಮ್ಮ ಕಪಾಟಿನಲ್ಲಿದೆ ಎಂದ ಮಾತ್ರಕ್ಕೆ ಅದರ ಹಕ್ಕು ತಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಾಹಿತ್ಯ, ನಾಟಕ, ಸಂಗೀತ ಕೃತಿಗಳ ಹಕ್ಕು ಕರ್ತೃವಿನ ನಿಧನಾನಂತರ 60 ವರ್ಷ ಇರುತ್ತದೆ. ಶಾಂತಕವಿಗಳು 1920ರಲ್ಲಿ ತೀರಿಕೊಂಡದ್ದರಿಂದ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಅಥವಾ ಪ್ರದರ್ಶನಗೊಂಡ ನಾಟಕಗಳಿಗೆ ಈಗ ಯಾರ ಅನುಮತಿಯೂ ಬೇಕಿಲ್ಲ. ಪುಟ್ಟರಾಜ ಗವಾಯಿಗಳು ಲಿಂಗೈಕ್ಯರಾದದ್ದು 2010ರಲ್ಲಿ, ಅವರ ರಚನೆಗಳ ಹಕ್ಕು 2070ರ ಕೊನೆಯವರೆಗೆ ನಡೆಯುತ್ತದೆ. ಇದಲ್ಲದೆ ಹಾಡಿದವರಿಗೆ, ನುಡಿಸಿದವರಿಗೆ, ನಟಿಸಿದವರಿಗೆ ಪ್ರದರ್ಶಕರ ಹಕ್ಕು ಎಂಬುದು ಬೇರೆಯೇ ಇದ್ದು, ಅದರ ಅವಧಿ 50 ವರ್ಷ. ತಬಲಾ ಸಾಥಿಯವರೂ ಪ್ರದರ್ಶಕರೇ ಎಂಬುದು ಮರೆಯಬಾರದ ಸಂಗತಿ. ಧಾರವಾಡ ಆಕಾಶವಾಣಿ 1950ರಲ್ಲಿ ಆರಂಭವಾದ ಮೇಲೆ ನಮ್ಮ ಭಾಗದ ರಸಿಕರು ರೇಡಿಯೊದಿಂದ ಟೇಪ್ ಮಾಡಿಕೊಂಡದ್ದೂ ಸಾಕಷ್ಟಿದೆ. ಅಂಥವನ್ನು ಯಾದಿಯಲ್ಲಿ ಹಾಗೆಯೇ ಗುರುತಿಸಿ, ಪ್ರಸಾರ ಮಾಡದೆ ಇಟ್ಟುಕೊಳ್ಳಿರಿ. ಕಾನೂನಿನ ಆಚೆಗೂ ಒಂದು ಮಾತಿದೆ: ಬೈಠಕ್ಕಿನಲ್ಲಿ ಗಂಟಲು ಕೈಕೊಟ್ಟ ದಿನದ ಗಾಯನವನ್ನು ಲೋಕಕ್ಕೆ ಕೇಳಿಸುವ ಮುನ್ನ ಆ ಮನೆತನದವರನ್ನು ಒಂದು ಮಾತು ಕೇಳುವುದು ನಮ್ಮ ಕಡೆಯ ರೀತಿ. ಒಪ್ಪಿಗೆ ಸಿಕ್ಕರೆ ಯಾವುದಕ್ಕೆ, ಯಾವ ಬಳಕೆಗೆ, ಹಣ ಬಂದರೆ ಯಾರಿಗೆ ಎಂಬುದನ್ನು ಬರೆದು ಸಹಿ ಪಡೆಯಬೇಕು.

ಹಳೆಯದನ್ನು ಸರಿಪಡಿಸುತ್ತಿರುವಾಗಲೇ ಹೊಸದು ಕಳೆದುಹೋಗುತ್ತಿರುತ್ತದೆ. ಈ ವರ್ಷದಿಂದಲೇ ಪ್ರತಿ ಪ್ರಯೋಗಕ್ಕೂ ಒಂದು ಫೈಲು ಮಾಡಿ, ಅದರಲ್ಲಿ ರಂಗದ ಮೇಲೆ ಆಡಿದ ಅಂತಿಮ ಪ್ರತಿ, ಬೆಳಕಿನ ಸೂಚನೆಗಳು, ಪಾತ್ರವರ್ಗ ಮತ್ತು ನೇಪಥ್ಯದವರ ಪೂರ್ತಿ ಹೆಸರು, ಕರಪತ್ರ, ಪತ್ರಿಕೆಯ ವರದಿ, ಖರ್ಚಿನ ಗೋಷ್ವಾರೆ (ಸಾರಾಂಶ) ಇಡಿರಿ. ಕೇಂದ್ರ ಸಂಸ್ಕೃತಿ ಸಚಿವಾಲಯದ ರೆಪರ್ಟರಿ ಅನುದಾನಕ್ಕೆ ಅರ್ಜಿ ಹಾಕಿದವರಿಗೆ, ಹಿಂದಿನ ಪ್ರದರ್ಶನಗಳ ಪುರಾವೆ ಒಟ್ಟುಗೂಡಿಸಲು ಎಷ್ಟು ಓಡಾಡಬೇಕೆಂಬುದು ಗೊತ್ತು. ವಾಟ್ಸಾಪಿನಲ್ಲಿ ಬಂದ ಚಿತ್ರಗಳನ್ನು ನಂಬಬೇಡಿರಿ, ಅವು ಕುಗ್ಗಿದ ಪ್ರತಿಗಳು. ಫೋಟೊ ತೆಗೆದವರಿಂದ ಮೂಲ ಕಡತಗಳನ್ನೇ ಪಡೆಯಬೇಕು.

ಸಂಘಕ್ಕೆ ಇದೆಲ್ಲ ನಿಭಾಯಿಸಲಾಗದು ಎನಿಸಿದರೆ ಕೈಚೆಲ್ಲುವ ಬದಲು ಬೇರೆ ಸಂಸ್ಥೆಗೆ ಒಪ್ಪಿಸಬಹುದು. ಕಾಗದಗಳಿಗೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವನ್ನು, ದೊಡ್ಡಾಟ-ಸಣ್ಣಾಟದ ಸಾಮಗ್ರಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿರುವ ಜಾನಪದ ವಿಶ್ವವಿದ್ಯಾಲಯವನ್ನು, ಧ್ವನಿಮುದ್ರಿಕೆಗಳಿಗೆ ದೆಹಲಿಯ ಸಂಗೀತ ನಾಟಕ ಅಕಾಡೆಮಿಯನ್ನು ವಿಚಾರಿಸಿರಿ. ಕೊಡುವುದು ದಾನವೋ ಠೇವಣಿಯೋ, ನಕಲು ಸಂಘಕ್ಕೆ ಸಿಗುತ್ತದೆಯೇ, ನೋಡಲು ಯಾರಿಗೆ ಅವಕಾಶ ಎಂಬ ಮೂರು ಸಂಗತಿಗಳು ಪತ್ರದಲ್ಲಿ ಇರಲೇಬೇಕು. ಸಂಶೋಧನೆಗೆಂದು ಬಾಯಿಮಾತಿನಲ್ಲಿ ಒಯ್ದ ಟ್ರಂಕುಗಳು ಮರಳಿದ್ದು ಅಪರೂಪ.

ಸದ್ಯಕ್ಕೆ ದುರಸ್ತಿಯ ಅವಧಿಯ ಏರ್ಪಾಡು ಮಾಡಿರಿ. ಟ್ರಂಕುಗಳನ್ನು ಸಿಮೆಂಟು, ಸುಣ್ಣದ ಧೂಳು ಬಾರದ ಸದಸ್ಯರೊಬ್ಬರ ಮನೆಯ ಕೋಣೆಯಲ್ಲಿ ಹಲಗೆಯ ಮೇಲೆ ಇರಿಸಿ, ಕೀಲಿ ಇಬ್ಬರ ಬಳಿ ಇರಲಿ. ಹೊರಡುವಾಗ ಟ್ರಂಕಿನ ಸಂಖ್ಯೆ ಮತ್ತು ಕಟ್ಟುಗಳ ಎಣಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆದು, ಕಾರ್ಯದರ್ಶಿಗಳಾದ ತಾವು ಮತ್ತು ಇಟ್ಟುಕೊಳ್ಳುವವರು ಸಹಿ ಮಾಡಿರಿ; ಮರಳಿ ಬಂದಾಗ ಅದೇ ಪುಟದ ಕೆಳಗೆ ಎಣಿಸಿ ಮತ್ತೊಮ್ಮೆ ಸಹಿಯಾಗಬೇಕು.